ಸಮುಯಿ ಅಂದ್ರೂ ಕೋಲ್ಡ್, ತ್ಸುಮೆತಾಯಿ ಅಂದ್ರೂ ಕೋಲ್ಡ್. ಯಾವುದನ್ನ ಎಲ್ಲಿ ಹಾಕೋದು?

ಪ್ರಶ್ನೆ: ತುಮಕೂರು ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಬೆಂಗಳೂರಿನಲ್ಲಿ, ಮನೆ ತುಮಕೂರಿನಲ್ಲಿ. ದಿನಾ ರೈಲಿನಲ್ಲಿ ಕೂರಲು ಜಾಗ ಸಿಕ್ಕಿದರೆ ಜಪಾನಿ ಭಾಷೆ ಓದುತ್ತೇನೆ. ಡಿಸೆಂಬರ್‌ನಲ್ಲಿ ಜೆಎಲ್‌ಪಿಟಿ ಎನ್4 ಬರೆಯಬೇಕು ಅಂತ ಆಸೆ, ಅದು ಜಪಾನಿ ಭಾಷಾ ಪರೀಕ್ಷೆಯ ಎರಡನೇ ಹಂತ. ಮೊದಲ ಹಂತ ಎನ್5 ಹೇಗೋ ದಾಟಿದ್ದೇನೆ.

ಕಾಂಜಿ, ಅಂದರೆ ಜಪಾನಿಯ ಚಿತ್ರದಂಥ ಅಕ್ಷರ, ಕಂಡರೆ ಮೊದಲು ಭಯ ಇತ್ತು, ಈಗ ಅಷ್ಟಿಲ್ಲ. ತಲೆ ಕೆಡುತ್ತಿರುವುದು ಬೇರೆ ಕಡೆ. ಮೊಬೈಲಿನಲ್ಲಿ ಪದಗಳ ಕಾರ್ಡ್ ಮಾಡಿಟ್ಟುಕೊಂಡಿದ್ದೇನೆ. ಮುಂದೆ ಜಪಾನಿ, ಹಿಂದೆ ಇಂಗ್ಲಿಷ್. ಸಮುಯಿ ತಿರುಗಿಸಿದರೆ ಕೋಲ್ಡ್. ತ್ಸುಮೆತಾಯಿ ತಿರುಗಿಸಿದರೂ ಕೋಲ್ಡ್. ಒಮೊವು ಅಂದರೆ ಥಿಂಕ್, ಕಂಗಾಯೆರು ಅಂದರೂ ಥಿಂಕ್. ಉರೆಶೀ ಹ್ಯಾಪಿ, ತನೊಶೀ ಕೂಡ ಹ್ಯಾಪಿ. ಶಿರು, ವಕರು ಎರಡರ ಹಿಂದೆಯೂ ನೋ, ಅಂದರೆ ಗೊತ್ತು ಅನ್ನೋ ನೋ. ನನಗಂತೂ ಗೊತ್ತಾಗುತ್ತಿಲ್ಲ.

ಕಳೆದ ಶನಿವಾರ ಆನ್‌ಲೈನ್ ಕ್ಲಾಸಿನಲ್ಲಿ ಮರ್ಯಾದೆ ಹೋಯಿತು. ಪಾಠದ ನಡುವೆ ಕಾಫಿ ಕುಡಿಯುತ್ತಿದ್ದೆ, ಆರಿ ಹೋಗಿತ್ತು. ಸುಮ್ನೆ ಇರಬಾರದಾ? "ಕೋಹೀ ಗ ಸಮುಯಿ" ಅಂತ ಜಂಬದಿಂದ ಹೇಳಿದೆ. ನಮ್ಮ ಮೇಡಂ ನಕ್ಕುಬಿಟ್ಟರು. "ಪಾಪ, ಕಾಫಿಗೆ ಒಂದು ಸ್ವೆಟರ್ ಹಾಕಿ" ಅಂದರು. ಕಾರಣ ಹೇಳುವಷ್ಟರಲ್ಲಿ ಟೈಮ್ ಮುಗಿಯಿತು.

ಎನ್4ನಲ್ಲಿ ಒಂದು ಭಾಗ ಇದೆ. ಒಂದು ಪದ, ಕೆಳಗೆ ನಾಲ್ಕು ವಾಕ್ಯ. ಪದವನ್ನು ಸರಿಯಾಗಿ ಬಳಸಿರುವುದು ಒಂದರಲ್ಲಿ ಮಾತ್ರ. ಹಳೆಯ ಪ್ರಶ್ನೆಗಳನ್ನು ಮಾಡಿ ನೋಡಿದೆ. ಆ ಭಾಗದಲ್ಲಿ ನಾನು ಕಣ್ಣು ಮುಚ್ಚಿ ಬೆರಳಿಟ್ಟರೂ ಇಷ್ಟೇ ಅಂಕ ಬರುತ್ತಿತ್ತು. ಇಂಥ ಜೋಡಿಗಳನ್ನು ನೀವೆಲ್ಲ ಹೇಗೆ ನೆನಪಿಟ್ಟುಕೊಂಡಿರಿ?

ಉತ್ತರ: ಕೊಪ್ಪದ ಕಾಫಿ

ಮೊದಲು ಆ ಕಾರ್ಡುಗಳ ಹಿಂದಿರುವ ಇಂಗ್ಲಿಷನ್ನು ಅಳಿಸಿ. ತಮಾಷೆಗೆ ಹೇಳುತ್ತಿಲ್ಲ. ನಾನು 6 ವರ್ಷ ನಗೋಯಾದಲ್ಲಿದ್ದೆ, ಮೊದಲ 2 ವರ್ಷ ನಿಮ್ಮ ಹಾಗೇ ಇಂಗ್ಲಿಷ್ ಹಿಡಿದುಕೊಂಡು ಒದ್ದಾಡಿದೆ. ಕನ್ನಡದಲ್ಲಿ ಬರೆದು ನೋಡಿ, ಆಮೇಲೆ ಹೇಳಿ.

ಸಮುಯಿ ಅಂದರೆ ಚಳಿ. ತ್ಸುಮೆತಾಯಿ ಅಂದರೆ ತಣ್ಣಗೆ. ಅಷ್ಟೇ. ಕನ್ನಡದಲ್ಲಿ ನೀವು ಯಾವತ್ತಾದರೂ "ಕಾಫಿ ಚಳಿಯಾಗಿದೆ" ಅಂದಿದ್ದೀರಾ? ನಾಲ್ಕು ವರ್ಷದ ಮಗುವೂ ಅನ್ನುವುದಿಲ್ಲ. ಚಳಿ ಆಗುವುದು ಮೈಗೆ. ತಣ್ಣಗಿರುವುದು ಮುಟ್ಟಿದ ವಸ್ತು. ಈ ಗೆರೆ ನಮ್ಮ ತಲೆಯಲ್ಲಿ ಹುಟ್ಟಿದಾಗಿನಿಂದ ಇದೆ. ಇಂಗ್ಲಿಷಿಗೆ ಹೋಗಿ ಅದನ್ನು ಅಳಿಸಿಕೊಂಡು, ಮತ್ತೆ ಜಪಾನಿಗೆ ಅಂತ ಹೊಸದಾಗಿ ಎಳೆಯುತ್ತಾ ಕೂತಿದ್ದೇವೆ.

ನನಗೆ ಇದು ಹೊಳೆದದ್ದು ಪುಸ್ತಕದಿಂದಲ್ಲ, ನಮ್ಮ ಅಪಾರ್ಟ್‌ಮೆಂಟ್ ಕೆಳಗಿದ್ದ ಪಾನೀಯದ ಮೆಷಿನ್‌ನಿಂದ. ಜಪಾನಿನಲ್ಲಿ ಇವು ಬೀದಿಬೀದಿಗೂ ಇರುತ್ತವೆ. ಚಳಿಗಾಲದಲ್ಲಿ ಒಂದೇ ಮೆಷಿನ್‌ನಲ್ಲಿ ಬಿಸಿ ಡಬ್ಬಿಯೂ ಸಿಗುತ್ತದೆ, ತಣ್ಣನೆಯದ್ದೂ ಸಿಗುತ್ತದೆ. ತಣ್ಣನೆಯದ್ದರ ಕೆಳಗೆ ನೀಲಿ ಪಟ್ಟಿ, ಅದರ ಮೇಲೆ ತ್ಸುಮೆತಾ...ಯಿ ಅಂತ ರಾಗ ಎಳೆದ ಹಾಗೆ ಬರೆದಿರುತ್ತಾರೆ. ಬಿಸಿಯದ್ದರ ಕೆಳಗೆ ಕೆಂಪು ಪಟ್ಟಿ, ಅತ್ತಕಾ...ಯಿ. ಸಮುಯಿ ಅಂತ ಬರೆದ ಒಂದು ಮೆಷಿನ್ನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಜನವರಿಯಲ್ಲಿ ನಗೋಯಾಕ್ಕೆ ಇಬುಕಿ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತದೆ. ಅದಕ್ಕೆ ಇಬುಕಿ ಒರೊಶಿ ಅಂತ ಹೆಸರೇ ಇದೆ. ಒಂದು ರಾತ್ರಿ ಕೆಲಸ ಮುಗಿಸಿ ಬಂದು ಆ ಮೆಷಿನ್ ಮುಂದೆ ನಿಂತಿದ್ದೆ. ಹಲ್ಲು ಕಟಕಟ ಅನ್ನುತ್ತಿತ್ತು. ಅದು ಸಮುಯಿ. ಪರ್ಸಿನಿಂದ ತೆಗೆದ ನಾಣ್ಯ ಬೆರಳಿಗೆ ಮಂಜಿನ ತುಂಡಿನ ಹಾಗಿತ್ತು. ಅದು ತ್ಸುಮೆತಾಯಿ. ಕೆಂಪು ಪಟ್ಟಿಯ ಗುಂಡಿ ಒತ್ತಿದೆ, ಜೋಳದ ಸೂಪಿನ ಡಬ್ಬಿ ದಡಕ್ಕನೆ ಬಿತ್ತು. ಕುಡಿಯದೆ ಸುಮಾರು ಹೊತ್ತು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಅದು ಅತ್ತಕಾಯಿ, ನಮ್ಮ ಬೆಚ್ಚಗೆ. ಮೂರು ಪದ, ಮೂರು ಗುಕ್ಕು ಗಾಳಿಯಷ್ಟು ಹೊತ್ತಿನಲ್ಲಿ ಮನಸ್ಸಿಗೆ ಅಂಟಿಕೊಂಡವು.

ಹಾಗಾದರೆ ಗಾಳಿ ಯಾವ ಕಡೆ ಅಂತ ಕೇಳುತ್ತೀರಿ. ತ್ಸುಮೆತಾಯಿ ಕಜೆ ಅನ್ನುತ್ತಾರೆ, ಧಾರಾಳವಾಗಿ. ಕಜೆ ಅಂದರೆ ಗಾಳಿ. ಕೆನ್ನೆಗೆ ಬಂದು ತಾಗುತ್ತದಲ್ಲ, ಅದಕ್ಕೆ. ನಾವೂ ತಣ್ಣನೆ ಗಾಳಿ ಅಂತಲೇ ಅನ್ನುತ್ತೇವೆ. ನೋಡಿ, ವಿನಾಯಿತಿ ಅಂದುಕೊಂಡಿದ್ದೂ ಕನ್ನಡದಲ್ಲಿ ಸರಿಯಾಗಿ ಕೂತಿತು.

ಇದೇ ಸಾಲಿನಲ್ಲಿ ಇನ್ನೂ ಇವೆ. ಸುಜುಶೀ ಅಂದರೆ ತಂಪು. ಹಿತವಾದ ತಂಪು ಮಾತ್ರ. ಮರದ ನೆರಳು ಸುಜುಶೀ, ಸಂಜೆ ಗಾಳಿ ಸುಜುಶೀ. ಕುಡಿಯುವ ನೀರಿಗೆ ಅದನ್ನು ಹಾಕುವಂತಿಲ್ಲ. ಇಲ್ಲಿ ಸ್ವಲ್ಪ ಹುಷಾರು, ನಾವು "ತಂಪು ಪಾನೀಯ" ಅಂದುಬಿಡುತ್ತೇವೆ. ನುರುಯಿ ಅಂದರೆ ಇರಬೇಕಾದಷ್ಟು ಬಿಸಿ ಇಲ್ಲ ಅಥವಾ ಇರಬೇಕಾದಷ್ಟು ತಣ್ಣಗಿಲ್ಲ. ಆರಿಹೋದ ಕಾಫಿಯೂ ನುರುಯಿ, ಫ್ರಿಜ್ಜಿನಿಂದ ಹೊರಗೆ ಬಿಟ್ಟು ಬಿಸಿಯಾದ ಬಿಯರೂ ನುರುಯಿ. ಆ ಶನಿವಾರ ನಿಮಗೆ ಬೇಕಾಗಿದ್ದ ಪದ ಬಹುಶಃ ಇದೇ.

ಬಿಸಿಯ ಕಡೆ ಬಂದರೆ ಅತ್ಸುಯಿ. ಕಿವಿಗೆ ಒಂದೇ ಪದ, ಬರೆಯುವಾಗ ಎರಡು ಕಾಂಜಿ. ಒಂದು ಸೆಕೆಗೆ, ಒಂದು ಬಿಸಿ ವಸ್ತುವಿಗೆ. ಸೆಕೆಯ ಕಾಂಜಿಯ ತಲೆಯ ಮೇಲೆ ಸೂರ್ಯ ಕೂತಿದ್ದಾನೆ. ಬಿಸಿಯ ಕಾಂಜಿಯ ಕೆಳಗೆ ನಾಲ್ಕು ಚುಕ್ಕೆ ಇವೆ, ಅದು ಬೆಂಕಿ. ಮೇಲಿಂದ ಸುಟ್ಟರೆ ಸೆಕೆ, ಕೆಳಗಿಂದ ಸುಟ್ಟರೆ ಬಿಸಿ. ಆಗಸ್ಟಿನ ನಗೋಯಾಕ್ಕೆ ಮಾತ್ರ ಬರೀ ಅತ್ಸುಯಿ ಸಾಲುವುದಿಲ್ಲ, ಮುಶಿಅತ್ಸುಯಿ ಬೇಕು. ಮುಶಿ ಅಂದರೆ ಹಬೆಯಲ್ಲಿ ಬೇಯಿಸುವುದು. ಚವಾನ್‌ಮುಶಿ ಅನ್ನೋ ಮೊಟ್ಟೆ ತಿಂಡಿಯ ಮುಶಿಯೂ ಇದೇ. ಮೇ ತಿಂಗಳಲ್ಲಿ ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ, ಇಡ್ಲಿಗೆ ಏನನ್ನಿಸುತ್ತಿರಬಹುದು ಅಂತ ಗೊತ್ತು.

ಹೋಟೆಲಿನಲ್ಲಿ ಬಿಸಿನೀರು ಕೇಳುವಾಗ "ಅತ್ಸುಯಿ ಮಿಜು" ಅನ್ನಬೇಡಿ. ಅರ್ಥ ಆಗುತ್ತದೆ, ಆದರೆ ವಿಚಿತ್ರವಾಗಿ ಕೇಳುತ್ತದೆ. ಅವರಿಗೆ ಬಿಸಿನೀರು ಬೇರೆ ಪದಾರ್ಥವೇ, ಒಯು. ಮಿಜು ಅಂದರೆ ಬಿಸಿ ಮಾಡದ ನೀರು.

ಉರೆಶೀ, ತನೊಶೀ ಸುಲಭ. ಖುಷಿ ಆಯ್ತು, ಮಜಾ ಬಂತು. ಬಹುಮಾನ ಬಂದರೆ ಉರೆಶೀ. ಟ್ರಿಪ್ ಹೋದರೆ ತನೊಶೀ.

ಒಮೊವು ಮತ್ತು ಕಂಗಾಯೆರು ನನಗೆ ತುಂಬಾ ಇಷ್ಟವಾದ ಜೋಡಿ. ಒಮೊವು ಅಂದರೆ ಅನ್ನಿಸುವುದು, ಕಂಗಾಯೆರು ಅಂದರೆ ಯೋಚಿಸುವುದು. ನಾಳೆ ಮಳೆ ಬರುತ್ತೆ ಅನ್ನಿಸುತ್ತೆ, ಇದಕ್ಕೆ ಯಾರೂ ಕೂತು ಯೋಚಿಸುವುದಿಲ್ಲ. ವಾಕ್ಯದ ಕೊನೆಗೆ "ತೊ ಒಮೊಯಿಮಾಸ್" ಅಂತ ಹಾಕುತ್ತಾರಲ್ಲ, ಅದು ನಮ್ಮ "ಅಂತ ಅನ್ನಿಸುತ್ತೆ". "ತೊ" ಕೂಡ ನಮ್ಮ "ಅಂತ" ಇರುವ ಜಾಗದಲ್ಲೇ ಕೂರುತ್ತದೆ. ಮನೆ ಸಾಲ ತೀರಿಸುವುದು ಹೇಗೆ ಅಂತ ರಾತ್ರಿಯೆಲ್ಲ ಮಾಡುವುದು ಕಂಗಾಯೆರು. ಒಮೊವು ಬರೆಯುವ ಕಾಂಜಿಯಲ್ಲಿ ಕೆಳಗೆ ಹೃದಯ ಇದೆ, ಮೇಲೆ ಹೊಲ. ಕಂಗಾಯೆರುವಿನಲ್ಲಿ ಹೃದಯ ಇಲ್ಲ. ಒಂದು ಮಾತು ನೆನಪಿರಲಿ: ಒಮೊಯಿಮಾಸ್ ಅಂದರೆ ನನಗೆ ಅನ್ನಿಸುತ್ತೆ ಅಂತ. ಬೇರೆಯವರ ಅಭಿಪ್ರಾಯ ಹೇಳುವಾಗ ಒಮೊತ್ತೆ ಇಮಾಸ್ ಆಗಬೇಕು.

ಇನ್ನೊಂದು ಹೇಳಿ ನಿಲ್ಲಿಸುತ್ತೇನೆ. ಕಿಕು ಅಂದರೆ ಹಾಡು ಕೇಳುವುದು, ದಾರಿ ಕೇಳುವುದು ಎರಡೂ. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ವಿವರಣೆ ಇತ್ತು. ನಮಗೆ ಒಂದೇ ಪದ ಸಾಕು: ಕೇಳು. ಕಿಕೊಯೆರು ಅಂದರೆ ಕೇಳಿಸು. ಮಿರು ಅಂದರೆ ನೋಡು, ಮಿಯೆರು ಅಂದರೆ ಕಾಣಿಸು. ನಗೋಯಾದಿಂದ ಟೋಕಿಯೋಗೆ ಬುಲೆಟ್ ರೈಲು ಶಿಂಕನ್ಸೆನ್‌ನಲ್ಲಿ ಹೋಗುವಾಗ ಎಡಗಡೆ ಕಿಟಕಿ ಹಿಡಿದರೆ, ಮೋಡ ಇಲ್ಲದಿದ್ದರೆ, ಫುಜಿ ಮಿಯೆರು. ನೀವು ಹುಡುಕದಿದ್ದರೂ ಅದೇ ಬಂದು ಕಾಣಿಸಿಕೊಳ್ಳುತ್ತದೆ. ತಬೆತೆ ಮಿರು ಅಂದರೆ ತಿಂದು ನೋಡು. ತಬೆತೆ ಶಿಮತ್ತ ಅಂದರೆ ತಿಂದುಬಿಟ್ಟೆ. ಕಯಿತೆ ಒಕು ಅಂದರೆ ಬರೆದಿಡು. ಮನೆಯಿಂದ ಹೊರಡುವಾಗ ಹೇಳುವ ಇತ್ತೆ ಕಿಮಾಸ್, ಪದಕ್ಕೆ ಪದ, ಹೋಗಿ ಬರ್ತೀನಿ. ಮೊದಲ ಸಲ ಇದು ಗೊತ್ತಾದಾಗ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. "ಮತ್ತೆ ಇನ್ನೇನು ಅಂತಾರೆ, ಹೋಗ್ತೀನಿ ಅಂತಾರಾ ಯಾರಾದ್ರೂ?" ಅಂದರು.

ಉತ್ತರ: ಪಯಸ್ವಿನಿ ದಡ

ಕೊಪ್ಪದವರ ಲೆಕ್ಕ ಸರಿ, ಆದರೆ ಕೊಡುವ ವಿಷಯಕ್ಕೆ ಬಂದಾಗ ಕನ್ನಡ ಕೈಕೊಡುತ್ತದೆ. ಜಪಾನಿಯಲ್ಲಿ ನಾನು ಇನ್ನೊಬ್ಬರಿಗೆ ಕೊಟ್ಟರೆ ಅಗೆರು, ಇನ್ನೊಬ್ಬರು ನನಗೆ ಕೊಟ್ಟರೆ ಕುರೆರು. ಕನ್ನಡದಲ್ಲಿ ಎರಡೂ ಕೊಡು.

ನಾನು ಕಾಸರಗೋಡಿನವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳಂ. ಮಲಯಾಳದಲ್ಲಿ "ಎನಿಕ್ಕ್ ತನ್ನು" ಅಂದರೆ ನನಗೆ ಕೊಟ್ಟ, "ಅವನ್ ಕೊಡುತ್ತು" ಅಂದರೆ ಅವನಿಗೆ ಕೊಟ್ಟೆ. ಕ್ರಿಯಾಪದವೇ ಬೇರೆ. ಹಾಗಾಗಿ ಕುರೆರು, ಅಗೆರು ನನಗೆ ಅರ್ಧ ದಿನದ ಕೆಲಸ. ಆಮೇಲೆ ಎಡವಿದೆ ಅನ್ನಿ. "ನಿನಗೆ ಕೊಡ್ತೀನಿ" ಅನ್ನುವುದಕ್ಕೆ ಮಲಯಾಳದಲ್ಲಿ ತರಾಂ ಅನ್ನುತ್ತೇವೆ, ಅಂದರೆ ನನಗೆ, ನಿನಗೆ ಎರಡಕ್ಕೂ ಒಂದೇ. ಜಪಾನಿಯಲ್ಲಿ ಕುರೆರು ನನಗೆ ಮತ್ತು ನನ್ನ ಕಡೆಯವರಿಗೆ ಮಾತ್ರ. ನಿನಗೆ ಅಂದರೆ ಅಗೆರುವೇ. ಒಬ್ಬ ಗೆಳೆಯನಿಗೆ ಚಾಕೊಲೇಟ್ ಹಿಡಿದು ಕುರೆರು ಅಂದೆ. ಅವನು ತನ್ನ ಜೇಬು ತಡಕಾಡಲು ಶುರು ಮಾಡಿದ. ನಾನೇ ಕೇಳುತ್ತಿದ್ದೇನೆ ಅಂದುಕೊಂಡಿದ್ದ.

ಮೇಲಿನವರಿಗೆ ಅಗೆರು ಬೇಡ. ಬಾಸ್‌ಗೆ "ಸಹಾಯ ಮಾಡಿ ಅಗೆಮಾಸ್" ಅನ್ನೋ ಥರ ಹೇಳಿದರೆ ಉಪಕಾರ ಮಾಡುತ್ತಿದ್ದೇನೆ ನೋಡಿ ಅಂದ ಹಾಗಾಗುತ್ತದೆ.

ಉತ್ತರ: ಹಳೇ ಡಿಕ್ಷನರಿ

ನಾನು ಬೆಂಗಳೂರಿನಲ್ಲಿ 11 ವರ್ಷದಿಂದ ಜಪಾನಿ ದುಭಾಷಿ ಕೆಲಸ ಮಾಡುತ್ತಿದ್ದೇನೆ. ಕೊಪ್ಪದವರ ಮಾತಿಗೆ ಸ್ವಲ್ಪ ಅಡ್ಡ ಬರುತ್ತೇನೆ. ಕನ್ನಡ ಹಿಡಿದು ಹೋದರೆ ಚೆನ್ನ, ಒಪ್ಪುತ್ತೇನೆ. ಆದರೆ ನಮ್ಮವರು ಮೀಟಿಂಗಿನಲ್ಲಿ ಮಾಡುವ ಎಡವಟ್ಟುಗಳಲ್ಲಿ ಜಾಸ್ತಿ ಪಾಲು ಕನ್ನಡದಿಂದಲೇ ಬಂದಿರುತ್ತದೆ. ನೀವು ಕೇಳಿದ ಶಿರು, ವಕರುವನ್ನೇ ನೋಡಿ.

ಗೊತ್ತಿಲ್ಲ ಅನ್ನುವುದು ನಮಗೆ ಎಲ್ಲದಕ್ಕೂ ಆಗುತ್ತದೆ. ಒಬ್ಬ ಹುಡುಗನನ್ನು ಜಪಾನಿನ ಮ್ಯಾನೇಜರ್ ಕೇಳಿದರು, ಈ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತೆ? ಹುಡುಗ ತುಂಬಾ ವಿನಯದಿಂದ "ಶಿರಿಮಾಸೆನ್" ಅಂದ. ಮ್ಯಾನೇಜರ್ ಮುಖ ಬದಲಾಯಿತು. ಅವರ ಕಿವಿಗೆ ಬಿದ್ದದ್ದು "ನಂಗೇನ್ ಗೊತ್ತು?" ಅಂತ. ಶಿರು ಅಂದರೆ ಹೊರಗಿನ ವಿಷಯ ಒಳಗೆ ಬರುವುದು. ಒಂದು ಊರಿನ ಹೆಸರು, ಒಬ್ಬರ ಫೋನ್ ನಂಬರ್. ಅವನ ಸ್ವಂತ ಕೆಲಸ ಹೊರಗಿನ ಸುದ್ದಿ ಹೇಗಾಗುತ್ತದೆ? ಅಲ್ಲಿ ವಕರಿಮಾಸೆನ್ ಅನ್ನಬೇಕಿತ್ತು. ವಕರು ಬರೆಯುವ ಕಾಂಜಿ ಭಾಗ ಮಾಡುವುದಕ್ಕೂ ಬರುತ್ತದೆ. ಬಿಡಿಸಿ ನೋಡಿದಾಗ ತಿಳಿಯುವುದು ಅಂತ ಇಟ್ಟುಕೊಳ್ಳಿ. ವಕರಿಮಾಸೆನ್ ಅಂದರೆ ಇನ್ನೂ ನನಗೆ ಸ್ಪಷ್ಟ ಆಗಿಲ್ಲ. ಅದಕ್ಕಿಂತ ಒಳ್ಳೆಯದು "ಕಕುನಿನ್ ಶಿಮಾಸ್", ವಿಚಾರಿಸಿ ಹೇಳುತ್ತೇನೆ.

ವ್ಯಾಕರಣದ ಒಂದು ಗುಟ್ಟು ಮಾತ್ರ ನಮ್ಮ ಕಡೆ ಇದೆ. ವಕರುವಿನ ಹಿಂದೆ "ಗ" ಬರುತ್ತದೆ, ನಮ್ಮ "ಅನ್ನು" ಥರದ "ಒ" ಅಲ್ಲ. ನಿಹೊಂಗೊ ಗ ವಕರು. ನಾವೂ "ನನಗೆ ಜಪಾನಿ ಅರ್ಥವಾಗುತ್ತೆ" ಅನ್ನುತ್ತೇವೆ, "ಜಪಾನಿಯನ್ನು ಅರ್ಥವಾಗುತ್ತೆ" ಅನ್ನುವುದಿಲ್ಲ.

ಎರಡನೇದು, ಬಂದೆ. ಯಾರಾದರೂ ಕರೆದರೆ ನಾವು ಎದ್ದೇಳುವ ಮೊದಲೇ "ಬಂದೇ" ಅಂತ ಕೂಗುತ್ತೇವೆ. ಜಪಾನಿಯಲ್ಲಿ "ಇಮ ಇಕಿಮಾಸ್", ಈಗ ಹೋಗುತ್ತೇನೆ. ಹೊರಡುವವನು ನಿಂತ ಜಾಗದಿಂದ ಲೆಕ್ಕ. ಕಿಮಾಸ್ ಅಂದರೆ ಕೇಳಿದವರು ಬೇರೆ ಯಾರೋ ಬರುತ್ತಿದ್ದಾರಾ ಅಂತ ಬಾಗಿಲ ಕಡೆ ನೋಡುತ್ತಾರೆ.

ಮೂರನೇದು ಅವನಿಗೆ ಚಳಿ. ಕನ್ನಡದಲ್ಲಿ ತಪ್ಪಿಲ್ಲ. ಜಪಾನಿಯಲ್ಲಿ ಇನ್ನೊಬ್ಬರ ಮೈಯ ಚಳಿಯನ್ನು ನೀವು ನೇರವಾಗಿ ಹೇಳುವಂತಿಲ್ಲ. ಸಮುಸೋ, ಚಳಿ ಆಗ್ತಿರೋ ಹಾಗಿದೆ. ಇಲ್ಲ ಸಮುಗತ್ತೆ ಇರು, ಚಳಿ ಚಳಿ ಅಂತಿದ್ದಾನೆ. ಒಮೊಯಿಮಾಸ್ ಬಗ್ಗೆ ಮೇಲೆ ಹೇಳಿದ ಮಾತಿನ ಹಿಂದೆ ಇರುವುದೂ ಇದೇ ಬುದ್ಧಿ.

ಕೊನೆಗೆ, ನಮ್ಮ ಸರ್. ಗ್ರಾಹಕರ ಫೋನ್ ಬಂತು, ಬಾಸ್ ಸೀಟಿನಲ್ಲಿಲ್ಲ. ಬಾಸ್ ಹೆಸರು ತನಕ ಅಂತಿಟ್ಟುಕೊಳ್ಳಿ, ಕನ್ನಡಿಗರು ಮರೆಯಲಾಗದ ಹೆಸರು. ನಮ್ಮ ಸಂಸ್ಕಾರ ಏನು ಹೇಳುತ್ತದೆ? ನಮ್ಮ ಸಾಹೇಬರು ಇಲ್ಲ, ಬಂದ ಮೇಲೆ ಹೇಳುತ್ತೇನೆ ಅಂತ ಗೌರವ ಕೊಟ್ಟು ಮಾತಾಡು ಅನ್ನುತ್ತದೆ. ಜಪಾನಿಯಲ್ಲಿ ಹೊರಗಿನವರ ಎದುರು ನಮ್ಮ ಕಡೆಯವರೆಲ್ಲ ಕೆಳಗೆ, ಬಾಸ್ ಕೂಡ. "ತನಕ ವ ಸೆಕಿ ಒ ಹಜುಶಿತೆ ಓರಿಮಾಸ್". ಹೆಸರಿನ ಹಿಂದೆ ಮರ್ಯಾದೆಗೆ ಹಾಕುವ ಸಾನ್ ಇಲ್ಲ, ಏನೂ ಇಲ್ಲ, ಬರೀ ತನಕ. ಬಾಸ್ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರೂ ಹಾಗೇ. ಮೊದಲ ಸಲ ಹೇಳುವಾಗ ನನ್ನ ನಾಲಿಗೆ ಎದ್ದಿರಲಿಲ್ಲ.

ಮತ್ತೆ: ತುಮಕೂರು ಪ್ಯಾಸೆಂಜರ್

ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಕೂತು ಕಾರ್ಡುಗಳ ಹಿಂಬದಿ ಎಲ್ಲ ಬದಲಾಯಿಸಿದೆ. ಸಮುಯಿ, ಚಳಿ. ತ್ಸುಮೆತಾಯಿ, ತಣ್ಣಗೆ. ನುರುಯಿ, ಶನಿವಾರದ ಕಾಫಿ. ಶಿರು ಕಾರ್ಡಿನ ಹಿಂದೆ "ಬಾಸ್ ಮುಂದೆ ಬೇಡ" ಅಂತ ಬರೆದಿದ್ದೇನೆ.

ಒಂದು ಅನುಮಾನ ಉಳಿದಿದೆ. ಪರೀಕ್ಷೆಗಲ್ಲ, ಆಫೀಸಿಗೆ. ಗುರುವಾರ ಗುರುವಾರ ಜಪಾನಿನ ಟೀಮ್ ಜೊತೆ ನಮ್ಮ ಕಾಲ್ ಇರುತ್ತದೆ. ಮುಗಿಸುವಾಗ ಏನಾದರೂ ಒಂದು ಒಳ್ಳೆಯ ಮಾತು ಹೇಳಬೇಕು ಅಂತ ಆಸೆ. ಪುಸ್ತಕದಲ್ಲಿ ಒತ್ಸುಕರೆಸಮ ಇದೆ, ಗೊಕುರೋಸಮ ಇದೆ. ಎರಡಕ್ಕೂ ಕಷ್ಟಪಟ್ಟು ಕೆಲಸ ಮಾಡಿದ್ದಕ್ಕೆ ವಂದನೆ ಅಂತ ಅರ್ಥ ಕೊಟ್ಟಿದ್ದಾರೆ. ಯಾವುದು?

ಉತ್ತರ: ಕೊಪ್ಪದ ಕಾಫಿ

ಒತ್ಸುಕರೆಸಮ! ದಯವಿಟ್ಟು ಒತ್ಸುಕರೆಸಮ. ಇನ್ನೊಂದನ್ನು ಬಾಯಿಗೆ ತರಬೇಡಿ. ಇದು ಅನುಭವದ ಮಾತು.

ನಾನು ಹೋದ ಹೊಸತರಲ್ಲಿ ನಮ್ಮ ಕಚೋ, ಅಂದರೆ ಸೆಕ್ಷನ್ ಮುಖ್ಯಸ್ಥರು, ಒಂದು ದಿನ ರಾತ್ರಿ ಹತ್ತರವರೆಗೆ ಕೂತು ನನ್ನ ರಿಪೋರ್ಟ್ ತಿದ್ದಿಕೊಟ್ಟರು. ಐವತ್ತು ದಾಟಿದ ಮನುಷ್ಯ, ಮೆತ್ತಗಿನ ಸ್ವಭಾವ. ಅವರು ಬ್ಯಾಗ್ ಹೆಗಲಿಗೇರಿಸುತ್ತಿದ್ದ ಹಾಗೆ ನಾನು ಎದ್ದು ನಿಂತು, ತಲೆ ಬಾಗಿಸಿ, ಜೋರಾಗಿ "ಗೊಕುರೋಸಮ ದೆಶಿತ" ಅಂದೆ. ಆ ಪದ ಜಾಸ್ತಿ ಮರ್ಯಾದೆಯದ್ದು ಅನ್ನಿಸಿತ್ತು. ಪಕ್ಕದ ಮೇಜಿನ ಕೀಬೋರ್ಡ್ ಸದ್ದು ನಿಂತಿತು. ಕಚೋ ಒಂದು ಕ್ಷಣ ನನ್ನನ್ನು ನೋಡಿ, "ಹಾಯ್" ಅಂತ ಸಣ್ಣಗೆ ನಕ್ಕು ಹೋದರು. ಹಾಯ್ ಅಂದರೆ ಹೌದು ಅಂತ, ನಮ್ಮ ಹಾಯ್ ಅಲ್ಲ.

ಪಕ್ಕದವಳು ಆಮೇಲೆ ಬಿಡಿಸಿ ಹೇಳಿದಳು. ಗೊಕುರೋಸಮ ಮೇಲಿನವರು ಕೆಳಗಿನವರಿಗೆ ಹೇಳುವ ಮಾತು. ಯಜಮಾನ ಆಳಿಗೆ "ಭೇಷ್, ಚೆನ್ನಾಗಿ ಮಾಡಿದೆ ಕಣಯ್ಯಾ" ಅಂದ ಹಾಗೆ. ನಾನು ಮೇಷ್ಟ್ರ ಬೆನ್ನು ತಟ್ಟಿ ಶಭಾಷ್ ಅಂದಿದ್ದೆ. ಒತ್ಸುಕರೆಸಮ ಹಾಗಲ್ಲ. ತ್ಸುಕರೆ ಅಂದರೆ ಸುಸ್ತು. ದಣಿದಿದ್ದೀರಿ ಅಂತ ಗುರುತಿಸುವ ಮಾತು. ಆಫೀಸಿನಲ್ಲಿ ಅದು ನಮಸ್ಕಾರದ ಹಾಗೆ ಓಡಾಡುತ್ತದೆ. ಮಧ್ಯಾಹ್ನ ಕಾರಿಡಾರಿನಲ್ಲಿ ಎದುರಾದರೂ ಒತ್ಸುಕರೆಸಮ ದೆಸ್. ಏನೂ ದಣಿಯದೆ ಕ್ಯಾಂಟೀನಿನಿಂದ ಬರುತ್ತಿದ್ದರೂ ಸೈ. ಗುರುವಾರದ ಕಾಲ್‌ಗೆ ನಿಮಗೆ ಅದೇ ಸರಿ. ನೀವೇ ಮೊದಲು ಎದ್ದು ಹೋಗುವ ದಿನ ಮಾತ್ರ "ಒಸಕಿ ನಿ ಶಿತ್ಸುರೇ ಶಿಮಾಸ್", ಮುಂಚೆ ಹೊರಡುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ನಕ್ಕುಕೊಳ್ಳುವುದಕ್ಕೆ ಒಂದು: ಸಮುಯಿ ಜೋಕಿಗೂ ಹಾಕುತ್ತಾರೆ. ಸಪ್ಪೆ ಜೋಕ್ ಹೇಳಿದರೆ ಕೇಳಿದವರು ತೋಳು ಉಜ್ಜಿಕೊಂಡು "ಸಮುಯಿ" ಅನ್ನುತ್ತಾರೆ. ಅಲ್ಲಿನ ಅಂಕಲ್‌ಗಳ ಬಾಯಲ್ಲಿ ಸವೆದು ಹೋದ ಜೋಕ್ "ಫುತೋನ್ ಗ ಫುತ್ತೊಂದ", ಹಾಸಿಗೆ ಹಾರಿಹೋಯ್ತು. ಪ್ರಾಸ ಬಿಟ್ಟರೆ ಅದರಲ್ಲಿ ಏನೂ ಇಲ್ಲ. ನಮ್ಮ ಕಚೋ ಕೂಡ ಹೇಳುತ್ತಿದ್ದರು. ಅವರ ಮುಂದೆ ಯಾರೂ ಸಮುಯಿ ಅನ್ನುತ್ತಿರಲಿಲ್ಲ.

ಹಳೇ ಡಿಕ್ಷನರಿಯವರು ಹೇಳಿದ್ದು ಸರಿ. ಕನ್ನಡ ಎಲ್ಲ ಕಡೆ ಕಾಯುವುದಿಲ್ಲ. ನಾನು ಅಷ್ಟು ಜಂಬದಿಂದ ಹೇಳಿದ ತಣ್ಣಗೆ, ತ್ಸುಮೆತಾಯಿಯೇ ನನಗೆ ಕೈಕೊಟ್ಟಿದೆ. ಮುಟ್ಟುವ ವಸ್ತುವಿನ ತನಕ ಎರಡೂ ಒಂದೇ. ಮನುಷ್ಯರಿಗೆ ಬಂದರೆ ದಾರಿ ಬೇರೆ. ನಮ್ಮಲ್ಲಿ ತಣ್ಣಗಿರುವುದು ಒಳ್ಳೆಯದು. ತಣ್ಣಗೆ ಮಾತಾಡು, ಮನೆ ತಣ್ಣಗಿರಲಿ. ಅವರಲ್ಲಿ ತ್ಸುಮೆತಾಯಿ ಹಿತೊ ಅಂದರೆ ಕರುಣೆ ಇಲ್ಲದವನು, ಕಲ್ಲು.

ನಾನು ಇದ್ದ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಎಂಬತ್ತರ ಹತ್ತಿರ. ಒಂದು ಚಳಿಗಾಲ ನನಗೆ ಜ್ವರ ಬಂದು ಮಲಗಿದ್ದಾಗ, ಗಂಜಿ ಮಾಡಿ ಮುಚ್ಚಿದ ಮಣ್ಣಿನ ಪಾತ್ರೆಯಲ್ಲಿ ತಂದುಕೊಟ್ಟರು. ಒಕಯು ಅನ್ನುತ್ತಾರೆ, ನಮ್ಮ ಅನ್ನದ ಗಂಜಿಯೇ, ಮೇಲೆ ಒಂದು ಹುಳಿ ಉಮೆಬೋಶಿ, ಉಮೆ ಹಣ್ಣಿನ ಉಪ್ಪಿನಕಾಯಿ. ಮೂರು ದಿನದ ಮೇಲೆ ಹೊಟ್ಟೆಗೆ ಏನಾದರೂ ಬಿದ್ದದ್ದು ಅವತ್ತು. ಅರಿಗತೋ ಅಂದರೆ ಸಾಲದು ಅನ್ನಿಸಿತು. ನಮ್ಮ ಅಜ್ಜಿ ಹೇಳುತ್ತಿದ್ದ ಮಾತು ಬಾಯಿಗೆ ಬಂತು, ನಿನ್ನ ಹೊಟ್ಟೆ ತಣ್ಣಗಿರಲಿ. ಪದ ಎಲ್ಲ ಗೊತ್ತಿತ್ತಲ್ಲ. ಜೋಡಿಸಿ ಹೇಳಿದೆ: "ಒನಕ ಗ ತ್ಸುಮೆತಕು ನರಿಮಾಸು ಯೋ ನಿ." ವ್ಯಾಕರಣದಲ್ಲಿ ಒಂದು ತಪ್ಪಿಲ್ಲ.

ಅಜ್ಜಿ ನನ್ನ ಮುಖ ನೋಡಿದರು. ತಮ್ಮ ಹೊಟ್ಟೆ ಮುಟ್ಟಿಕೊಂಡರು. ಆಮೇಲೆ ನನ್ನ ಹೊಟ್ಟೆ ನೋಡಿದರು. ಜಪಾನಿನಲ್ಲಿ ಹೊಟ್ಟೆ ತಣ್ಣಗಾಯಿತು ಅಂದರೆ ಕಾಯಿಲೆಗೆ ದಾರಿ. ಬೇಸಿಗೆಯಲ್ಲೂ ಮಕ್ಕಳಿಗೆ ಹೊಟ್ಟೆ ಮುಚ್ಚಿಕೊಂಡು ಮಲಗು ಅಂತ ಗದರುತ್ತಾರೆ. ನಾನು ಜ್ವರದಲ್ಲಿ ಏನೋ ಬಡಬಡಿಸುತ್ತಿದ್ದೇನೆ, ಇಲ್ಲ ನನ್ನ ಹೊಟ್ಟೆಗೇ ಶೀತ ಹೊಡೆದಿದೆ ಅಂದುಕೊಂಡಿರಬೇಕು. ನಿಧಾನವಾಗಿ ತಲೆ ಆಡಿಸಿ, "ಹೌದಾ, ತ್ಸುಮೆತಾಯಿ ಆಗಿದೆಯಾ" ಅಂತ ಕೇಳಿ ಮೆಟ್ಟಿಲು ಇಳಿದು ಹೋದರು.

ಮಾರನೇ ದಿನ ಬೆಳಿಗ್ಗೆ ಬಾಗಿಲ ಹಿಡಿಗೆ ಒಂದು ಕಾಗದದ ಚೀಲ ನೇತಾಡುತ್ತಿತ್ತು. ಒಳಗೆ ಕಂದು ಬಣ್ಣದ ಉಣ್ಣೆಯ ಹರಮಾಕಿ, ಹೊಟ್ಟೆಗೆ ಸುತ್ತಿಕೊಳ್ಳುವ ಪಟ್ಟಿ. ಹೊಸದಲ್ಲ, ಅವರೇ ಬಳಸಿದ್ದು, ಒಗೆದು ಮಡಿಚಿದ್ದು. ಊರಿಗೆ ಬಂದ ಮೇಲೂ ಇದೆ. ಕೊಪ್ಪದ ಜುಲೈ ಮಳೆಯಲ್ಲಿ ಕಟ್ಟಿಕೊಳ್ಳುತ್ತೇನೆ.